ಬೇಗ ಓಡಿದ್ದಕ್ಕೆ ಪುರಾವೆ ಎಲ್ಲಿಂದ ತರೋದು?

ನಮ್ಮ ಆಫೀಸಿನಲ್ಲಿ ಓಟದ ಹುಚ್ಚಿರೋರದ್ದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕು, ಆಮೇಲೆ ಇಡ್ಲಿ-ವಡೆ, ವರ್ಷಕ್ಕೊಂದು ಸಲ ಟಿಸಿಎಸ್ ವರ್ಲ್ಡ್ 10ಕೆ. ಇಷ್ಟೇ ನಮ್ಮ ಸಾಧನೆ. ಆ 10ಕೆಗೆ ಬರುವ ಕೀನ್ಯಾ, ಇಥಿಯೋಪಿಯಾದ ಓಟಗಾರರು 28 ನಿಮಿಷದ ಆಸುಪಾಸಿನಲ್ಲಿ 10 ಕಿಲೋಮೀಟರ್ ಮುಗಿಸಿ ಟವೆಲ್ ಹೊದ್ದು ನಿಂತಿರ್ತಾರೆ. ನಾನು ಆ ಹೊತ್ತಿಗೆ ಅರ್ಧ ದಾರೀಲಿ ನೀರಿನ ಸ್ಟಾಲ್ ಹುಡುಕ್ತಿರ್ತೀನಿ.

2024ರ ಅಕ್ಟೋಬರ್ 13, ಭಾನುವಾರ ರಾತ್ರಿ ಆ ಗ್ರೂಪಿಗೆ ಬಿಡುವೇ ಇರಲಿಲ್ಲ. ಶಿಕಾಗೊ ಮ್ಯಾರಥಾನಿನಲ್ಲಿ ಕೀನ್ಯಾದ ರೂತ್ ಚೆಪನ್‌ಗೆಟಿಚ್ 2 ಗಂಟೆ 9 ನಿಮಿಷ 56 ಸೆಕೆಂಡಿನಲ್ಲಿ ಗುರಿ ಮುಟ್ಟಿದ್ದರು. ಮಹಿಳೆಯೊಬ್ಬರು ಮ್ಯಾರಥಾನನ್ನು 2 ಗಂಟೆ 10 ನಿಮಿಷದ ಒಳಗೆ ಓಡಿದ್ದು ಅದೇ ಮೊದಲು. ಹಳೆಯ ವಿಶ್ವದಾಖಲೆಗಿಂತ ಸುಮಾರು ಎರಡು ನಿಮಿಷ ಕಡಿಮೆ. ಗ್ರೂಪಿನಲ್ಲಿ ಮೊದಲನೇ ಮೆಸೇಜು ಚಪ್ಪಾಳೆಯದ್ದು. ಎರಡನೆಯದು, "ಏನ್ ತಗೊಂಡಿದ್ದಾಳೋ!"

ಶಿಕಾಗೊದ ಪತ್ರಿಕಾಗೋಷ್ಠಿಯಲ್ಲೂ ಒಬ್ಬ ಪತ್ರಕರ್ತರು ಇದೇ ಪ್ರಶ್ನೆಯನ್ನು ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ ಕೇಳಿದರು. ಜನ ಮಾತಾಡೇ ಆಡ್ತಾರೆ ಅನ್ನೋ ಧಾಟಿಯಲ್ಲಿ ಉತ್ತರ ಬಂತು.

ಮುಂದಿನ ಕಥೆ ನಿಮಗೂ ಗೊತ್ತಿರಬಹುದು. 2025ರ ಮಾರ್ಚ್ 14ರಂದು ಅವರಿಂದ ಪಡೆದ ಮೂತ್ರದ ಮಾದರಿಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಎಂಬ ನಿಷೇಧಿತ ಔಷಧ ಸಿಕ್ಕಿತು. ಹೆಸರು ಕೇಳಿ ಗಾಬರಿಯಾಗಬೇಡಿ. ನಮ್ಮಪ್ಪ ದಿನಾ ಬೆಳಗ್ಗೆ ನುಂಗೋ ಬಿಪಿ ಮಾತ್ರೆಯಲ್ಲೂ ಇದೇ ಇದೆ. ಇದು ಮೂತ್ರ ಹೆಚ್ಚು ಮಾಡುವ ಔಷಧ. ಮೂತ್ರ ನೀರಾದರೆ ಬೇರೆ ಮದ್ದಿನ ಗುರುತು ಸಿಗೋದು ಕಷ್ಟ ಅನ್ನೋ ಕಾರಣಕ್ಕೆ ಕ್ರೀಡೆಯಲ್ಲಿ ಇದಕ್ಕೆ ನಿಷೇಧ. ವರದಿ ಮಾಡಬೇಕಾದ ಮಿತಿ ಪ್ರತಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ. ಅವರ ಮಾದರಿಯಲ್ಲಿದ್ದದ್ದು 3,800. ಮೊದಲು ಅದು ಹೇಗೆ ಬಂತೋ ಗೊತ್ತಿಲ್ಲ ಅಂದರು. ಆಮೇಲೆ, ಹುಷಾರಿರಲಿಲ್ಲ, ಮನೆಕೆಲಸದವರ ಮಾತ್ರೆ ನುಂಗಿದೆ ಅಂದರು. 2025ರ ಅಕ್ಟೋಬರಿನಲ್ಲಿ ಮೂರು ವರ್ಷದ ನಿಷೇಧ ಬಂತು. ಮಾದರಿ ತೆಗೆದದ್ದು ಶಿಕಾಗೊ ಓಟದ ಐದು ತಿಂಗಳ ನಂತರವಾದ್ದರಿಂದ ಆ ದಾಖಲೆ ಮಾತ್ರ ಹಾಗೇ ಉಳಿಯಿತು.

"ನಾನು ಅವತ್ತೇ ಹೇಳಿರ್ಲಿಲ್ವಾ?" ಅಂತ ಗ್ರೂಪಿನಲ್ಲಿ ಒಬ್ಬ ಗೆಳೆಯ ಹಾಕಿದ. ಹೇಳಿದ್ದ, ನಿಜ. ಆದರೆ ಅವನು ಅದಕ್ಕಿಂತ ಒಂದು ವರ್ಷ ಮುಂಚೆ ಕೆಲ್ವಿನ್ ಕಿಪ್ಟಮ್ ಬಗ್ಗೆಯೂ ಇದೇ ಮಾತು, ಇದೇ ಎಮೋಜಿ ಹಾಕಿದ್ದ.

ಕಿಪ್ಟಮ್ ನೆನಪಿದ್ದಾರಾ? ಕೀನ್ಯಾದ ಹುಡುಗ. 2022ರ ಡಿಸೆಂಬರಿನಲ್ಲಿ ವಲೆನ್ಸಿಯಾದಲ್ಲಿ ಮೊದಲ ಮ್ಯಾರಥಾನ್, 2 ಗಂಟೆ 1 ನಿಮಿಷ 53 ಸೆಕೆಂಡು. ನಾಲ್ಕು ತಿಂಗಳಿಗೆ ಲಂಡನ್, 2 ಗಂಟೆ 1 ನಿಮಿಷ 25 ಸೆಕೆಂಡು. 2023ರ ಅಕ್ಟೋಬರಿನಲ್ಲಿ ಶಿಕಾಗೊ, 2 ಗಂಟೆ 35 ಸೆಕೆಂಡು. ಅದು ವಿಶ್ವದಾಖಲೆ, ಮೂರನೇ ಮ್ಯಾರಥಾನಿಗೇ. ಆಗ ಅವರಿಗೆ 23 ವರ್ಷ. ಮ್ಯಾರಥಾನ್ ಅಂದ್ರೆ ಟ್ರ್ಯಾಕಿನಲ್ಲಿ ಹತ್ತು ವರ್ಷ ಸವೆದ ಮೇಲೆ ಬರೋ ಜಾಗ ಅನ್ನೋ ಲೆಕ್ಕ ಇತ್ತು. ಈ ಹುಡುಗ ಆ ಲೆಕ್ಕಕ್ಕೇ ಸಿಗಲಿಲ್ಲ. ಹಾಗಾಗಿ ಗುಸುಗುಸು ಶುರುವಾಯಿತು. 2024ರ ಫೆಬ್ರುವರಿ 11ರ ರಾತ್ರಿ ಕೀನ್ಯಾದಲ್ಲಿ ನಡೆದ ಕಾರು ಅಪಘಾತದಲ್ಲಿ ಕಿಪ್ಟಮ್ ಮತ್ತು ಅವರ ಕೋಚ್ ಇಬ್ಬರೂ ತೀರಿಕೊಂಡರು. ಅವರು ಯಾವುದೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ದಾಖಲೆ ಇಲ್ಲ. ಗುಸುಗುಸು ಮಾತ್ರ ಇವತ್ತಿಗೂ ನಿಂತಿಲ್ಲ, ಉತ್ತರ ಕೊಡೋಕೆ ಅವರೇ ಇಲ್ಲ.

ನನ್ನ ಗೆಳೆಯನ ಅನುಮಾನಕ್ಕೆ ಈ ಇಬ್ಬರಲ್ಲಿ ವ್ಯತ್ಯಾಸವೇ ಗೊತ್ತಿರಲಿಲ್ಲ. ಬೇಗ ಓಡಿದ್ರು, ಕಲ್ಲು ಹೊಡೆದ. ಕತ್ತಲಲ್ಲಿ ಹೊಡೆದ ಕಲ್ಲು ಒಂದು ಸಲ ತಾಗಿತು. ತಾಗದೇ ಹೋದ ಕಲ್ಲು ಯಾರ ಅಂಗಳಕ್ಕೆ ಬಿತ್ತು ಅಂತ ಯಾರೂ ಹೋಗಿ ನೋಡಲ್ಲ.

ಅಂಥದ್ದೊಂದು ಕಲ್ಲು ನಮ್ಮ ಮನೆ ಅಂಗಳಕ್ಕೇ ಬಿದ್ದಿದೆ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಮ್ಮಕ್ಕನ ಮಗಳಿಗೆ ಈಗ 16 ವರ್ಷ. ಊರು ಹಾಸನ ಜಿಲ್ಲೆ. ಕ್ರೀಡಾ ಹಾಸ್ಟೆಲ್ ಒಂದರಲ್ಲಿದ್ದು 3,000 ಮೀಟರ್ ಓಡ್ತಾಳೆ. ಹೋದ ವರ್ಷ ಅವಳ ಟೈಮು 10 ನಿಮಿಷ 50 ಸೆಕೆಂಡು. ಈ ವರ್ಷ 10 ನಿಮಿಷ 14. ದೇಶದ ಮಟ್ಟಕ್ಕೆ ಇದು ದೊಡ್ಡ ಸಮಯವೇನಲ್ಲ. ಆದರೆ ಒಂದೇ ವರ್ಷದಲ್ಲಿ 36 ಸೆಕೆಂಡು ಇಳಿಸಿದ್ದಾಳೆ. ಜಿಲ್ಲಾ ಮೀಟ್ ಮುಗಿದ ಮೇಲೆ ಶಾಮಿಯಾನದ ಕೆಳಗೆ ಇನ್ನೊಂದು ಮಗುವಿನ ಅಪ್ಪ ಅವಳಿಗೆ ಕೇಳೋ ಹಾಗೇ ಅಂದರಂತೆ, "ಎಲ್ಲಾ ಇಂಜೆಕ್ಷನ್ ಮಹಿಮೆ."

ಆ ರಾತ್ರಿ ನನಗೆ ಫೋನ್ ಮಾಡಿದಳು. ಅಳಲಿಲ್ಲ. "ಮಾಮ, ದುಡ್ಡು ಕೊಟ್ರೆ ನಾನೇ ಯೂರಿನ್ ಟೆಸ್ಟ್ ಮಾಡಿಸ್ಕೋಬಹುದಾ? ಆ ರಿಪೋರ್ಟು ಪ್ರಿಂಟ್ ತೆಗ್ಸಿ ಇಟ್ಕೋತೀನಿ" ಅಂದಳು.

ಅದಕ್ಕೆ ಏನು ಹೇಳೋದು? ಒಂದು ರಿಪೋರ್ಟಿನಿಂದ ಈ ಅನುಮಾನ ತೀರಲ್ಲ ಅನ್ನೋದೇ ನಿಜವಾದ ಉತ್ತರ. ಸೈಕ್ಲಿಂಗಿನ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಟೆಸ್ಟುಗಳನ್ನೇ ಗುರಾಣಿ ಮಾಡಿಕೊಂಡು ಓಡಾಡಿದ್ದು ಇಡೀ ಜಗತ್ತಿಗೆ ಗೊತ್ತು. ಟೆಸ್ಟಿನಲ್ಲಿ ಸಿಕ್ಕಿಬಿದ್ದರೆ ಅದು ಪುರಾವೆ. ಸಿಕ್ಕಿಬೀಳದಿದ್ದರೆ ಅದು ಪುರಾವೆ ಅಲ್ಲ, ಆ ದಿನ ಏನೂ ಸಿಗಲಿಲ್ಲ ಅಂತಷ್ಟೇ ಅರ್ಥ.

ಯಾಕೆ ಹೀಗೆ ಅಂತ ಅರ್ಥ ಆಗಬೇಕಾದರೆ ದೂರದ ಓಟಕ್ಕೆ ಯಾವ ಮದ್ದು ಬೇಕು ಅಂತ ಗೊತ್ತಿರಬೇಕು. ದೂರ ಓಡುವವರಿಗೆ ಬೇಕಿರೋದು ಆಮ್ಲಜನಕ. ಅದನ್ನು ಹೊತ್ತು ಸ್ನಾಯುವಿಗೆ ಮುಟ್ಟಿಸೋದು ಕೆಂಪು ರಕ್ತಕಣ. ಆ ಕಣ ತಯಾರು ಮಾಡಿ ಅಂತ ಮೂಳೆಯ ಮಜ್ಜೆಗೆ ಹೇಳುವ ಹಾರ್ಮೋನು ಇಪಿಒ, ನಮ್ಮ ಮೂತ್ರಪಿಂಡದಲ್ಲೇ ಉತ್ಪತ್ತಿಯಾಗುತ್ತೆ. ಕಿಡ್ನಿ ಕೈಕೊಟ್ಟವರಿಗೆ ರಕ್ತಹೀನತೆ ಬರೋದು ಇದಕ್ಕೇ. ನಿಮ್ಮ ನೆಂಟರಲ್ಲಿ ಯಾರಾದರೂ ಡಯಾಲಿಸಿಸ್ ಮಾಡಿಸಿಕೊಳ್ತಿದ್ದರೆ ಅವರಿಗೆ ಈ ಇಂಜೆಕ್ಷನ್ ಕೊಟ್ಟಿರುತ್ತಾರೆ. ಅವರ ಪಾಲಿಗೆ ಅದು ಜೀವ. ಅದನ್ನೇ ಆರೋಗ್ಯವಂತ ಓಟಗಾರ ಚುಚ್ಚಿಸಿಕೊಂಡರೆ ರಕ್ತಕಣ ಹೆಚ್ಚಾಗಿ ಓಟದ ತಾಕತ್ತು ಹೆಚ್ಚುತ್ತೆ. ರಕ್ತ ಮಂದವಾಗಿ ಹೃದಯಕ್ಕೆ ಅಪಾಯವೂ ಜೊತೆಗೇ ಬರುತ್ತೆ. ಸಣ್ಣ ಸಣ್ಣ ಡೋಸ್ ತಗೊಂಡರೆ ಮೂತ್ರದಲ್ಲಿ ಗುರುತು ಸಿಗುವ ಅವಧಿ ತೀರಾ ಕಡಿಮೆ. ಮದ್ದಿನ ಪರಿಣಾಮ ಮಾತ್ರ ವಾರಗಟ್ಟಲೆ ಇರುತ್ತೆ.

ಆದ್ದರಿಂದಲೇ ದೊಡ್ಡ ಮಟ್ಟದ ಓಟಗಾರರ ಮನೆಗೆ ಹೇಳದೇ ಕೇಳದೇ ಬರುತ್ತಾರೆ. ಪರೀಕ್ಷಾ ಪಟ್ಟಿಯಲ್ಲಿರೋರು ಪ್ರತಿದಿನ 60 ನಿಮಿಷ ನಾನು ಇಂಥ ಕಡೆ ಇರ್ತೀನಿ ಅಂತ ಮುಂಚೆಯೇ ಬರೆದು ಕೊಡಬೇಕು. ಮದುವೆಗೆ ಹೋದರೂ, ಊರ ಹಬ್ಬಕ್ಕೆ ಹೋದರೂ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಮದ್ದು ಸಿಗದಿದ್ದರೂ ನಿಷೇಧ ಬರಬಹುದು.

ಇದರ ಜೊತೆಗೆ 2009ರಿಂದ ಅಥ್ಲೀಟ್ ಬಯಾಲಾಜಿಕಲ್ ಪಾಸ್‌ಪೋರ್ಟ್ ಅಂತ ಒಂದಿದೆ. ನನಗೆ ಇದು ಬೇಗ ಅರ್ಥ ಆಯ್ತು, ಯಾಕಂದ್ರೆ ನನ್ನ ಹೊಟ್ಟೆಪಾಡೂ ಇಂಥದ್ದೇ. ಪೇಮೆಂಟ್‌ಗಳಲ್ಲಿ ಅನುಮಾನದ ವ್ಯವಹಾರ ಹಿಡಿಯೋ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ದಿನಕ್ಕೆ 2,000 ರೂಪಾಯಿ ವ್ಯಾಪಾರ ಮಾಡೋ ಕಡ್ಲೆಪುರಿ ಅಂಗಡಿಯವರ ಖಾತೆಗೆ ಒಂದೇ ದಿನ 40,000 ಬಂದ್ರೆ ನಮ್ಮ ಸಿಸ್ಟಮ್ ಎಚ್ಚರಿಕೆ ಕೊಡುತ್ತೆ. ಹಾಗಂತ ಅವರು ಕಳ್ಳರಲ್ಲ. ಅವತ್ತು ಊರಲ್ಲಿ ಜಾತ್ರೆ. ಅದಕ್ಕೇ ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಜೊತೆ ಹೋಲಿಸಿ ತೀರ್ಪು ಕೊಡಬಾರದು, ಅವರದ್ದೇ ಹಿಂದಿನ ಲೆಕ್ಕದ ಜೊತೆ ಹೋಲಿಸಬೇಕು. ಎಚ್ಚರಿಕೆ ಬಂದ ಮೇಲೆ ಗೊತ್ತಿರುವ ಮನುಷ್ಯರೊಬ್ಬರು ಕೂತು ನೋಡಬೇಕು.

ಬಯಾಲಾಜಿಕಲ್ ಪಾಸ್‌ಪೋರ್ಟ್ ಮಾಡೋದೂ ಅದನ್ನೇ. ವರ್ಷಗಟ್ಟಲೆ ಒಬ್ಬರದೇ ರಕ್ತ ತೆಗೆದು ಹಿಮೋಗ್ಲೋಬಿನ್ ಎಷ್ಟು, ಹೊಸದಾಗಿ ಹುಟ್ಟಿದ ರಕ್ತಕಣ ಎಷ್ಟು ಅಂತ ಬರೆದಿಡ್ತಾರೆ. ಈ ವ್ಯಕ್ತಿಗೆ ಇಷ್ಟರಿಂದ ಇಷ್ಟು ಸಹಜ ಅಂತ ಒಂದು ಗೆರೆ ಬರುತ್ತೆ. ಗೆರೆ ದಾಟಿದರೆ ತಜ್ಞರು ನೋಡ್ತಾರೆ. ಅವರಿಗೆ ಓಟಗಾರರ ಹೆಸರು ಕಾಣಲ್ಲ. ಎತ್ತರದ ಊರಲ್ಲಿ ತಾಲೀಮು ಮಾಡಿದ್ದರಾ, ಕಾಯಿಲೆ ಇತ್ತಾ ಅಂತೆಲ್ಲ ಪರಿಗಣಿಸುತ್ತಾರೆ. ಕೀನ್ಯಾದ ಓಟಗಾರರ ಊರು ಅಂತಲೇ ಹೆಸರಾದ ಇಟೆನ್ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಅಲ್ಲಿ ಬೆಳೆದವರ ರಕ್ತವನ್ನು ಮಂಗಳೂರಿನವರ ರಕ್ತದ ಜೊತೆ ತೂಗೋಕಾಗಲ್ಲ.

ಅಂದರೆ ಅನುಮಾನ ಪಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅನುಮಾನಕ್ಕೆ ಕಾರಣ ಬೇಕಾದಷ್ಟಿದೆ. ಬಾಸ್ಟನ್, ಶಿಕಾಗೊ ಗೆದ್ದ ರೀಟಾ ಜೆಪ್ಟೂ 2014ರಲ್ಲಿ ಇಪಿಒಗೆ ಸಿಕ್ಕಿಬಿದ್ದರು. 2016ರ ರಿಯೊ ಒಲಿಂಪಿಕ್ಸಿನ ಮ್ಯಾರಥಾನ್ ಚಿನ್ನ ಗೆದ್ದ ಜೆಮಿಮಾ ಸುಮ್‌ಗಾಂಗ್ ಮರುವರ್ಷವೇ ಅದಕ್ಕೇ ಸಿಕ್ಕಿಬಿದ್ದರು. 1,500 ಮೀಟರಿನಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆದ ಆಸ್ಬೆಲ್ ಕಿಪ್ರಾಪ್ ಕೂಡ. ಶಿಕಾಗೊ ಗೆದ್ದವರ ಬಹುಮಾನವೇ 1,00,000 ಡಾಲರ್. ಜೋಳ ಬೆಳೆದು ಬದುಕುವ ಮನೆಯ ಹುಡುಗನಿಗೆ ಅದು ಒಂದು ಜನ್ಮದ ದುಡಿಮೆ. ಅಷ್ಟು ದುಡ್ಡಿರುವ ಕಡೆ ಮದ್ದು ತಂದುಕೊಡುವವರೂ ಹುಟ್ಟಿಕೊಳ್ತಾರೆ. 2022ರಲ್ಲಿ ಇಡೀ ದೇಶಕ್ಕೇ ನಿಷೇಧ ಬೀಳುವ ಹಾಗಾದಾಗ ಕೀನ್ಯಾ ಸರ್ಕಾರ ಐದು ವರ್ಷ, ವರ್ಷಕ್ಕೆ 50 ಲಕ್ಷ ಡಾಲರ್ ಇದಕ್ಕೆ ಖರ್ಚು ಮಾಡ್ತೀವಿ ಅಂತ ಮಾತು ಕೊಟ್ಟು ಪಾರಾಯಿತು.

ಕೀನ್ಯಾದ ಕಡೆ ಬೆರಳು ತೋರಿಸುವ ಮುಂಚೆ ನಮ್ಮ ಮನೆ ನೋಡಿಕೊಳ್ಳೋಣ. 2024ರಲ್ಲಿ ಭಾರತದಲ್ಲಿ 7,000ಕ್ಕೂ ಹೆಚ್ಚು ಮಾದರಿಗಳ ಪರೀಕ್ಷೆ ನಡೆದು 260ರಲ್ಲಿ ನಿಷೇಧಿತ ಮದ್ದು ಕಂಡಿತು. ಅಂದ್ರೆ ಶೇ. 3.6. ಹೆಚ್ಚು ಪರೀಕ್ಷೆ ಮಾಡುವ ದೇಶಗಳಲ್ಲಿ ನಮ್ಮದೇ ಮೊದಲ ಸ್ಥಾನ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಕೂಟಕ್ಕೆ ನಾಡಾ ಅಧಿಕಾರಿಗಳು ಬಂದಿದ್ದಾರೆ ಅಂತ ಸುದ್ದಿಯಾಗಿದ್ದೇ ತಡ, ಪುರುಷರ 100 ಮೀಟರ್ ಫೈನಲ್‌ಗೆ ಒಬ್ಬನೇ ಒಬ್ಬ ಓಟಗಾರ ಬಂದ. ಜೂನಿಯರ್ ಸ್ಟೀಪಲ್‌ಚೇಸ್ ಓಡಿದ ಹುಡುಗಿಯೊಬ್ಬಳು ಗೆರೆ ದಾಟಿದ ಮೇಲೂ ನಿಲ್ಲದೆ ಓಡಿದಳು, ಅಧಿಕಾರಿ ಅವಳ ಹಿಂದೆ ಓಡಬೇಕಾಯಿತು ಅಂತ ಪತ್ರಿಕೆಯಲ್ಲಿ ಬಂತು. ನಮ್ಮ ಗ್ರೂಪಿನಲ್ಲಿ ಅದಕ್ಕೆ ನಗುವ ಎಮೋಜಿಗಳ ಮಳೆ.

ನನಗೆ ಈಗ ಆ ಹುಡುಗಿ ನೆನಪಾಗುತ್ತಾಳೆ. ಜೂನಿಯರ್ ಅಂದ್ರೆ ಎಷ್ಟು ವಯಸ್ಸು? ನಮ್ಮ ಪುಟ್ಟಿಗಿಂತ ಒಂದೆರಡು ವರ್ಷ ಹೆಚ್ಚು ಕಡಿಮೆ. ಅವಳು ಏನಾದರೂ ತಗೊಂಡಿದ್ದಳೋ ಇಲ್ಲವೋ ನಾನು ಹೇಳಲಾರೆ. ಆದರೆ ಆ ವಯಸ್ಸಿನ ಮಗು ಮೆಡಿಕಲ್ ಸ್ಟೋರಿಗೆ ಹೋಗಿ ತಾನೇ ಮದ್ದು ಕೇಳಿ ತರಲ್ಲ. ಕೊಡೋರು ಯಾರೋ ದೊಡ್ಡವರೇ. ಓಡಿಹೋಗಿ ಸುದ್ದಿಯಾಗೋದು ಮಾತ್ರ ಮಗು.

ಕರ್ನಾಟಕದವರಿಗೆ ಇದು ಹೊಸ ಪಾಠವೇನಲ್ಲ. ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸಿನಲ್ಲಿ ಎರಡು ಚಿನ್ನ ಗೆದ್ದಾಗ ನಾನು ಪಿಯುಸಿಗೂ ಬಂದಿರಲಿಲ್ಲ, ಪೇಪರಿನ ಫೋಟೋ ಕತ್ತರಿಸಿ ಇಟ್ಟುಕೊಂಡಿದ್ದೆ. ಮರುವರ್ಷ ಅವರೂ ರಿಲೇ ತಂಡದ ಇತರರೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಮದ್ದು ಬಂತು ಅನ್ನೋದು ಅವರ ವಾದ. ಇಲ್ಲಿನ ಸಮಿತಿ ಒಂದು ವರ್ಷ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷ ಮಾಡಿತು. ನಿಯಮ ಬಹಳ ಖಡಕ್. ನಿನ್ನ ದೇಹದೊಳಗೆ ಏನಿದೆಯೋ ಅದಕ್ಕೆ ನೀನೇ ಹೊಣೆ. ಕೊಟ್ಟವರು ಕೋಚ್ ಆದರೂ, ಡಾಕ್ಟರ್ ಆದರೂ, ಅಮ್ಮನೇ ಆದರೂ ಅಷ್ಟೇ. 16 ತುಂಬದ ಮಕ್ಕಳಿಗೆ ಸ್ವಲ್ಪ ರಿಯಾಯಿತಿ ಇದೆ.

ಇದನ್ನೆಲ್ಲ ಓದಿಕೊಂಡಿದ್ದು ನನಗೆ ಬೇಗನೇ ಕೆಲಸಕ್ಕೆ ಬಂತು. ಶಾಮಿಯಾನದ ಘಟನೆ ಆಗಿ ಎರಡು ವಾರಕ್ಕೆ ಅಕ್ಕ ಒಂದು ಡಬ್ಬಿಯ ಫೋಟೋ ಕಳಿಸಿದಳು. "ಅವಳಿಗೆ ತಾಲೀಮು ಕೊಡೋರ ಪರಿಚಯದವರೊಬ್ರು ಕೊಟ್ಟವ್ರೆ. ರಿಕವರಿ ಪೌಡರ್ ಅಂತೆ. ಎಲ್ರೂ ತಗೋತಾರಂತೆ. ನೋಡಿ ಹೇಳೋ" ಅಂದಳು. ಡಬ್ಬಿ ಮೇಲೆ ಸಿಂಹದ ಚಿತ್ರ ಇತ್ತು. ಒಳಗೆ ಏನೇನಿದೆ ಅನ್ನೋ ಪಟ್ಟಿ ಇರಲಿಲ್ಲ. ತಯಾರಕರ ವಿಳಾಸವೂ ಇರಲಿಲ್ಲ.

"ಬೇಡ ಅಕ್ಕ, ವಾಪಸ್ ಕೊಟ್ಬಿಡು" ಅಂದೆ.

"ಕೊಟ್ರೆ ಬೇಜಾರು ಮಾಡ್ಕೋತಾರೆ ಕಣೋ. ಮುಂದಿನ ತಿಂಗಳು ಸೆಲೆಕ್ಷನ್ ಐತೆ."

ಈ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಇದೆ ಅಂತ ನನಗೆ ಅನಿಸುತ್ತೆ. ಇಟೆನ್ ಆಗಲಿ, ಅರಸೀಕೆರೆ ಆಗಲಿ, ಮದ್ದು ಬರೋದು ಕೆಟ್ಟ ಮುಖ ಹೊತ್ತುಕೊಂಡಲ್ಲ. ಪರಿಚಯದವರ ಕೈಯಲ್ಲಿ, ಒಳ್ಳೇದಾಗಲಿ ಅನ್ನೋ ಮಾತಿನ ಜೊತೆ, ಬೇಡ ಅಂದರೆ ಬೇಜಾರಾಗುವವರ ಮನೆಯಿಂದ ಬರುತ್ತೆ.

ಅಕ್ಕ ಎರಡು ದಿನ ಯೋಚನೆ ಮಾಡಿ ಡಬ್ಬಿ ವಾಪಸ್ ಕೊಟ್ಟಳು. "ಹಂಗಾದ್ರೆ ಸೆಲೆಕ್ಷನ್ನು ದೇವರ ಇಚ್ಛೆ" ಅಂತ ಉತ್ತರ ಬಂತಂತೆ. ಅದು ಬೆದರಿಕೆಯೋ, ಬರೀ ಮಾತೋ ನಮಗಿನ್ನೂ ಗೊತ್ತಾಗಿಲ್ಲ.

ಪುಟ್ಟಿಗೆ ನಾನು ಹೇಳಿದ್ದು ಇಷ್ಟು. ನೀನು ತಪ್ಪು ಮಾಡಿಲ್ಲ ಅಂತ ಆ ಅಂಕಲ್‌ಗೆ ಸಾಬೀತು ಮಾಡೋ ಕೆಲಸ ನಿಂದಲ್ಲ, ಅದು ಆಗೋದೂ ಇಲ್ಲ. ನಿನ್ನ ಕೈಲಿರೋದು ಬೇರೆ. ಒಂದು ನೋಟ್‌ಬುಕ್ ಇಡು. ದಿನಾ ಎಷ್ಟು ಓಡಿದೆ, ಎಷ್ಟು ನಿದ್ದೆ ಮಾಡಿದೆ, ಯಾವ ಮಾತ್ರೆ ತಗೊಂಡೆ, ಯಾರು ಬರೆದುಕೊಟ್ಟರು ಎಲ್ಲಾ ಬರಿ. ಜ್ವರ, ಕೆಮ್ಮು ಬಂದರೆ ಡಾಕ್ಟರಿಗೆ ಮೊದಲೇ ನಾನು ಓಟಗಾರ್ತಿ ಅಂತ ಹೇಳು. ಮಾತ್ರೆಯ ಹೆಸರನ್ನು ನಾಡಾದವರ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಹಾಕಿ ನೋಡು. ಅಜ್ಜನ ಬಿಪಿ ಮಾತ್ರೆ ಡಬ್ಬಿಗೆ ಕೈ ಹಾಕಬೇಡ. ನಿಜವಾಗಿ ಬೇಕೇ ಬೇಕಾದ ಔಷಧ ನಿಷೇಧದ ಪಟ್ಟಿಯಲ್ಲಿದ್ದರೆ ಮೊದಲೇ ಅನುಮತಿ ಕೇಳೋ ದಾರಿ ಇದೆ, ನಾನು ಅರ್ಜಿ ತುಂಬಿಕೊಡ್ತೀನಿ.

"ಅಷ್ಟೆಲ್ಲಾ ಮಾಡಿದ್ಮೇಲೂ ಜನ ಅಂದ್ರೆ?" ಅಂತ ಕೇಳಿದಳು.

"ಅಂತಾರೆ" ಅಂದೆ. ಸುಳ್ಳು ಸಮಾಧಾನ ಹೇಳೋ ವಯಸ್ಸು ಅವಳದ್ದಲ್ಲ.

ನೋಟ್‌ಬುಕ್ ತೋರಿಸಿದಾಗ ನನಗೆ ಆ 36 ಸೆಕೆಂಡು ಎಲ್ಲಿಂದ ಬಂತು ಅಂತ ಕಂಡಿತು. ಒಂದು ವರ್ಷದಲ್ಲಿ ನಾಲ್ಕು ಸೆಂಟಿಮೀಟರ್ ಉದ್ದ ಆಗಿದ್ದಾಳೆ. ವಾರಕ್ಕೆ 25 ಕಿಲೋಮೀಟರ್ ಇದ್ದ ಓಟ 45 ಆಗಿದೆ. ಹಾಸ್ಟೆಲಿಗೆ ಸೇರಿದ ಮೇಲೆ ದಿನಾ ಮೊಟ್ಟೆ ಸಿಗ್ತಿದೆ. ಮೊದಲು ಬರಿಗಾಲು, ಈಗ ಸ್ಪೈಕ್ ಶೂ. ಆ ಅಂಕಲ್ ಇಷ್ಟನ್ನು ಕೇಳಿ ತಿಳಿದುಕೊಳ್ಳೋಕೆ ಎರಡು ನಿಮಿಷ ಸಾಕಿತ್ತು.

ಮುಂದಿನ ಸಲ ಯಾವುದೋ ಹದಿಹರೆಯದ ಹುಡುಗ ಎಲ್ಲೋ ದಾಖಲೆ ಮುರಿದಾಗ ನಿಮ್ಮ ಗ್ರೂಪಿನಲ್ಲೂ "ಏನ್ ತಗೊಂಡಿದ್ದಾನೋ" ಅಂತ ಮೆಸೇಜು ಬಂದೇ ಬರುತ್ತೆ. ಅನುಮಾನ ಇರಲಿ. ಆದರೆ ಪ್ರಶ್ನೆ ಸ್ವಲ್ಪ ಬದಲಾಯಿಸಿ ನೋಡಿ. ಅವನನ್ನು ವರ್ಷಕ್ಕೆ ಎಷ್ಟು ಸಲ, ಹೇಳದೆ ಬಂದು ಪರೀಕ್ಷೆ ಮಾಡಿದ್ದಾರೆ? ಅವನ ಕೋಚ್ ಯಾರು, ಆ ಕೋಚ್ ಹತ್ತಿರ ತಾಲೀಮು ಮಾಡಿದವರಲ್ಲಿ ಎಷ್ಟು ಜನ ಸಿಕ್ಕಿಬಿದ್ದಿದ್ದಾರೆ? ಸಿಕ್ಕಿಬಿದ್ದಾಗ ನಿಷೇಧ ಓಟಗಾರನಿಗೆ ಮಾತ್ರವೋ, ಮದ್ದು ಕೊಟ್ಟವರಿಗೂ ಉಂಟೋ? ಜಿಲ್ಲಾ ಮಟ್ಟದ ಮೀಟುಗಳಿಗೆ ಪರೀಕ್ಷೆ ಮಾಡೋರು ಯಾವತ್ತಾದರೂ ಬರ್ತಾರಾ? ಈ ಪ್ರಶ್ನೆಗಳಿಗೆ ಸಿಗುವ ಉತ್ತರ ಮೋಸ ಮಾಡೋರನ್ನೂ ಹಿಡಿಯುತ್ತೆ, ನಮ್ಮ ಪುಟ್ಟಿಯಂಥವರನ್ನೂ ಕಾಯುತ್ತೆ.

ದೆಹಲಿಯಲ್ಲಿ ಪರೀಕ್ಷೆ ಅಂದ್ರೆ ಒಂದು ಮಗು ಓಡಿಹೋಯಿತು. ನಮ್ಮ ಮನೆ ಮಗು ದುಡ್ಡು ಕೊಟ್ಟಾದರೂ ಪರೀಕ್ಷೆ ಮಾಡಿಸ್ಕೋತೀನಿ ಅಂತಿದೆ. ಈ ಮಗುವಿನ ಊರಿಗೆ ಪರೀಕ್ಷೆ ಮಾಡೋರು ಇನ್ನೂ ಬಂದಿಲ್ಲ.